ಹೊನ್ನೂರಮ್ಮನ ಮಾಳಿಗೆ ಡ್ಯೂಟಿ

ಮಾಳಿಗೆ ಹತ್ತಿದ ಮೊದಲ ದಿನ ಹೊನ್ನೂರಮ್ಮ ಮಾಡಿದ ಮೊದಲ ಕೆಲಸವೆಂದರೆ ಸುಮ್ಮನೆ ಕೂತದ್ದು. ಹಚ್ಚೊಳ್ಳಿಯ ಆ ಮನೆಗೆ ಸೊಸೆಯಾಗಿ ಬಂದು ಹದಿನೆಂಟು ವರ್ಷವಾಗಿತ್ತು. ಅಷ್ಟೂ ವರ್ಷ ಅವಳು ಕೂತಾಗಲೆಲ್ಲ ಕೈಯಲ್ಲಿ ಏನಾದರೊಂದು ಇರುತ್ತಿತ್ತು. ರೊಟ್ಟಿಯ ಹಿಟ್ಟು, ಜೋಳದ ಮೊರ, ಎಮ್ಮೆಯ ಕೆಚ್ಚಲು, ಇಲ್ಲವೇ ಅತ್ತೆಯ ಕಾಲು. ಈಗ ಸರ್ಕಾರವೇ ಕೂರು ಎಂದಿತ್ತು. ಎರಡು ಬಾವುಟ, ಒಂದು ಟೈಂಪೀಸು ಕೊಟ್ಟು, ಮಾಳಿಗೆ ಬಿಟ್ಟು ಕದಲಬೇಡ ಎಂದೂ ಹೇಳಿತ್ತು.

ಅದು ಎಪ್ಪತ್ಮೂರನೆಯ ಇಸವಿ. ಸಿರುಗುಪ್ಪ ತಾಲ್ಲೂಕಿನ ತುಂಬ ಹೊಸ ಹತ್ತಿಯ ಬೀಜ ಬಂದಿತ್ತು, ಹತ್ತಿಯ ಹಿಂದೆ ಹುಳ ಬಂದಿತ್ತು, ಹುಳದ ಹಿಂದೆ ಎರಡು ಸಣ್ಣ ವಿಮಾನ ಬಂದವು. ಊರ ಹೊರಗಿನ ಗೋಮಾಳವನ್ನು ಟ್ರ್ಯಾಕ್ಟರಿನಿಂದ ಸಪಾಟು ಮಾಡಿ ಅವು ಇಳಿಯಲು ಜಾಗ ಮಾಡಿದ್ದರು. ವಿಮಾನ ಹಾರಿಸುವ ಇಬ್ಬರು ಬಳ್ಳಾರಿಯ ಕಂಟೋನ್ಮೆಂಟಿನ ಬಂಗಲೆಯಲ್ಲಿದ್ದು, ನಸುಕಿನಲ್ಲೇ ಜೀಪಿನಲ್ಲಿ ಬರುತ್ತಿದ್ದರು. ಒಂದು ವಿಮಾನಕ್ಕೆ ಹಳದಿ ಪಟ್ಟೆ, ಇನ್ನೊಂದಕ್ಕೆ ಕೆಂಪು ಪಟ್ಟೆ. ಹೊನ್ನೂರಮ್ಮ ಒಂದಕ್ಕೆ ಅರಿಶಿಣಿ, ಇನ್ನೊಂದಕ್ಕೆ ಕೆಂಪಿ ಎಂದು ಹೆಸರಿಟ್ಟಳು. ಎರಡು ದಿನದಲ್ಲಿ ಇಡೀ ಊರು ಹಾಗೇ ಕರೆಯತೊಡಗಿತು.

ನೆಲದಿಂದ ವಿಮಾನದ ಜೊತೆ ಮಾತಾಡುವ ಯಂತ್ರವೊಂದು ಇತ್ತಂತೆ, ರಿಪೇರಿಗೆ ಹೋಗಿತ್ತಂತೆ. ಆದ್ದರಿಂದ ಬಾವುಟ. ಊರಿನ ಹೊಲಗಳ ನಡುವೆ ಕಾಲುವೆ ಹಾಯ್ದು ಮೂಡಲ ಹೊಲ, ಪಡುವಲ ಹೊಲ ಎಂದು ಎರಡು ಭಾಗ ಮಾಡಿತ್ತು. ಮಾಳಿಗೆಯ ಮೂಡಲ ಮೂಲೆಗೊಂದು ಬಿದಿರ ಗಳ, ಪಡುವಲ ಮೂಲೆಗೊಂದು. ಅರಿಶಿಣಿ ಮೂಡಲಿಗೆ ಹೋಗಬೇಕಾದರೆ ಮೂಡಲ ಗಳಕ್ಕೆ ಹಳದಿ ಬಾವುಟ, ಕೆಂಪಿ ಪಡುವಲಿಗೆ ಹೋಗಬೇಕಾದರೆ ಪಡುವಲ ಗಳಕ್ಕೆ ಕೆಂಪು ಬಾವುಟ. ನೆಲ ಬಿಟ್ಟು ಏಳುವಾಗ ಪೈಲಟ್ ಒಮ್ಮೆ ಮಾಳಿಗೆಯತ್ತ ನೋಡಿ ತನ್ನ ಬಾವುಟವಿದ್ದ ದಿಕ್ಕಿಗೆ ಹೊರಟುಬಿಡುತ್ತಿದ್ದ.

ಆ ಇಬ್ಬರಲ್ಲಿ ದಪ್ಪ ಮೀಸೆಯ ಕ್ಯಾಪ್ಟನ್ ಒಂದೇ ಒಂದು ನಿಯಮ ಹೇಳಿದ್ದ. ಒಂದು ದಿಕ್ಕಿನಲ್ಲಿ ಒಂದೇ ವಿಮಾನ. ಸಿರುಗುಪ್ಪದಿಂದ ಬಂದಿದ್ದ ಕೃಷಿ ಅಧಿಕಾರಿ ವಿರೂಪಾಕ್ಷಪ್ಪ ಅದನ್ನು ಕನ್ನಡಕ್ಕೆ ತರುವ ಮೊದಲೇ ಕ್ಯಾಪ್ಟನ್ ತನ್ನ ಎರಡು ಅಂಗೈಗಳನ್ನು ಎದುರುಬದುರು ತಂದು ಪಟ್ಟನೆ ಬಡಿದು ತೋರಿಸಿದ್ದ. ಹೊನ್ನೂರಮ್ಮನಿಗೆ ಅರ್ಥವಾಗಿತ್ತು.

ಈ ಕೆಲಸ ನಿಜಕ್ಕೂ ಅವಳ ಗಂಡ ಮೈಲಾರಲಿಂಗಪ್ಪನದು. ಅವನು ಊರಿನ ನೀರಗಂಟಿ. ಕಾಲುವೆಯ ನೀರನ್ನು ಯಾರ ಹೊಲಕ್ಕೆ ಯಾವಾಗ ಬಿಡಬೇಕೆಂಬ ಸರದಿ ಅವನ ನಾಲಿಗೆಯ ತುದಿಯಲ್ಲಿತ್ತು. ಆದರೆ ಇರುಳೆಲ್ಲ ಕಾಲುವೆಯ ಮೇಲೆ ತಿರುಗುವ ಮನುಷ್ಯ ಬೆಳಗಾದರೆ ಮಲಗುತ್ತಿದ್ದ. ಮೊದಲ ದಿನ ಹಳದಿ ಬಾವುಟವನ್ನು ಹೊದ್ದುಕೊಂಡು ಮಾಳಿಗೆಯ ಮೇಲೆಯೇ ಗೊರಕೆ ಹೊಡೆದ. ವಿರೂಪಾಕ್ಷಪ್ಪ ತಲೆ ಚಚ್ಚಿಕೊಂಡು, "ನಿಮ್ಮ ಮನಿಯಾಗ ಎಚ್ಚರ ಇರೋರು ಯಾರದಾರ?" ಎಂದು ಕೇಳಿದ. ಹಾಗೆ ಹೊನ್ನೂರಮ್ಮ ಮಾಳಿಗೆ ಹತ್ತಿದಳು.

ಅತ್ತೆ ಉಚ್ಚಂಗೆಮ್ಮ ಒಪ್ಪಿದ್ದು ಒಂದು ಷರತ್ತಿನ ಮೇಲೆ.

"ಹತ್ತು ದಿನದ ಮಾತು, ಆಗ್ಲಿ. ಆದ್ರ ಒಂದು ತಪ್ಪು ಮಾಡಿದಿ ಅಂದ್ರ ಏಣಿ ನೆಲಕ್ಕ ಬರತೈತಿ. ಮತ್ತ ನೀನು, ಒಲಿ, ಇಬ್ಬರ."

ಒಲೆಯ ನೇರಕ್ಕೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿಯಿತ್ತು. ಅದರಿಂದ ಬೆಳಗೆಲ್ಲ ಹೊಗೆಯ ಜೊತೆ ಅತ್ತೆಯ ದನಿಯೂ ಮೇಲೆ ಬರುತ್ತಿತ್ತು.

"ಹೊನ್ನೂರೀ, ಉಪ್ಪಿನ ಗಡಿಗಿ ಎಲ್ಲೈತಿ?"

"ಇದ್ದಲ್ಲೇ ಐತ್ರಿ, ಅತ್ತಿ."

"ಇಳಿದು ಬಂದು ತೋರ್ಸು."

"ಡ್ಯೂಟಿ ಮ್ಯಾಲ ಅದೀನ್ರಿ."

ಡ್ಯೂಟಿ ಎಂಬ ಮಾತನ್ನು ಅವಳು ವಿರೂಪಾಕ್ಷಪ್ಪನ ಬಾಯಿಂದ ಎತ್ತಿಕೊಂಡಿದ್ದಳು. ಇಷ್ಟು ಸಣ್ಣ ಮಾತಿಗೆ ಇಷ್ಟು ಬಲವಿದೆಯೆಂದು ತಿಳಿದಿದ್ದರೆ ಮದುವೆಯ ಮರುದಿನವೇ ಕಲಿಯುತ್ತಿದ್ದಳು. ಆ ಮಾತು ಹೇಳಿದ ಕೂಡಲೇ ಬೆಳಕಿಂಡಿಯಿಂದ ಬರಿಯ ಹೊಗೆ ಬರುತ್ತಿತ್ತು.

ಮೇಲಿನಿಂದ ಎಲ್ಲ ಕಾಣುತ್ತಿತ್ತು. ಹತ್ತಿಯ ಹೊಲ, ಸಿರುಗುಪ್ಪದ ರಸ್ತೆಯ ಮೇಲೆ ಬಸ್ಸೆಬ್ಬಿಸಿದ ಧೂಳು, ಪಕ್ಕದ ಮನೆಯ ಪಾರಮ್ಮ ಗಂಡನಿಗೆ ತಿಳಿಯದಂತೆ ಬೆಲ್ಲ ತಿನ್ನುವುದು. ಮೂರನೆಯ ದಿನದ ಹೊತ್ತಿಗೆ ಹೊನ್ನೂರಮ್ಮನಿಗೆ ತನ್ನವೇ ಆದ ಯೋಚನೆಗಳು ಬರತೊಡಗಿದವು. ಅವು ಬಹಳ ದೊಡ್ಡವೇನಲ್ಲ. ತನಗೆ ನಿಜಕ್ಕೂ ಹಾಗಲಕಾಯಿ ಸೇರುವುದಿಲ್ಲ ಎಂಬುದು ಒಂದು. ಹದಿನೆಂಟು ವರ್ಷ ತಿಂದಿದ್ದಳು, ಆದರೆ ಅದನ್ನು ಯೋಚಿಸಲು ಹೊತ್ತು ಸಿಕ್ಕಿರಲಿಲ್ಲ. ಈ ಹತ್ತು ದಿನ ಪೂರ್ತಿಯಾಗಿ ತನಗೆ ಸಿಗಬೇಕು ಎಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ, ರಾತ್ರಿ ಮಲಗುವಾಗ ಏಣಿ ಇದ್ದಲ್ಲೇ ಇದೆಯೇ ಎಂದು ಒಮ್ಮೆ ಮುಟ್ಟಿ ನೋಡುತ್ತಿದ್ದಳು.

ಐದನೆಯ ದಿನ ತಪ್ಪಾಯಿತು.

ಅವತ್ತು ಎಂಟು ಗಂಟೆಗೆ ಅರಿಶಿಣಿ ಮೂಡಲಲ್ಲಿ ಉಜ್ಜಿನಪ್ಪನ ಹೊಲಕ್ಕೆ, ಕೆಂಪಿ ಪಡುವಲಲ್ಲಿ ಕೊಟ್ಟೂರಪ್ಪನ ಹೊಲಕ್ಕೆ. ಒಂಬತ್ತಕ್ಕೆ ಕೆಂಪಿ ಮೂಡಲಿಗೆ ಬಂದು, ಉಜ್ಜಿನಪ್ಪನ ಬದಿಗೇ ಇದ್ದ ಗವಿಸಿದ್ದಪ್ಪನ ಹೊಲಕ್ಕೆ. ಎಂಟಕ್ಕೆ ಹತ್ತು ನಿಮಿಷವಿರುವಾಗ ಗವಿಸಿದ್ದಪ್ಪ ಮಾಳಿಗೆಯ ಕೆಳಗೆ ಬಂದು ನಿಂತ.

"ತಂಗೀ, ಕೊಟ್ಟೂರಪ್ಪನ ಬೀಗರು ಕುರುಗೋಡಿನಿಂದ ಬರಬೇಕಿತ್ತು, ಬಸ್ಸು ಇನ್ನಾ ಬಂದಿಲ್ಲ. ಬೀಗರಿಗೆ ತೋರಿಸ್ಲಾರದ ವಿಮಾನ ತಗಂಡು ಏನ್ ಮಾಡ್ಲಿ ಅಂತಾನ. ಅವನ ಎಂಟರ ಸರದಿ ನನಗ, ನನ್ನ ಒಂಬತ್ತರದು ಅವಗ. ಕೆಂಪಿನ್ನ ಈಗ ನನ್ನ ಹೊಲಕ್ಕ ಕಳಿಸವ್ವ."

"ಅವರು ಒಪ್ಪ್ಯಾರೇನ್ರಿ?"

"ಅಲ್ಲೇ ನಿಂತಾನ, ನೋಡು."

ದೂರದ ಬೇವಿನ ಮರದ ಕೆಳಗೆ ನಿಂತಿದ್ದ ಕೊಟ್ಟೂರಪ್ಪ ಹೌದೆಂದು ಕೈಯೆತ್ತಿದ.

ಇದು ಹೊಸದಲ್ಲ. ಗಂಡ ಮಲಗಿದ್ದಾಗ ಬಾಗಿಲಿಗೆ ಬಂದು, ಅವನ ನೀರಿನ ಸರದಿ ನನಗೆ, ನನ್ನದು ಅವನಿಗೆ ಎಂದು ರೈತರು ಹೇಳಿಹೋಗುವುದು ಹದಿನೆಂಟು ವರ್ಷದಿಂದ ನಡೆದಿತ್ತು. ಇಬ್ಬರೂ ಒಪ್ಪಿದ ಮೇಲೆ ಮೂರನೆಯವರು ಕೇಳುವುದೇನಿದೆ? ಅಲ್ಲದೆ ಯಾರು ಏನು ಕೇಳಿದರೂ ಹೊನ್ನೂರಮ್ಮನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು. ಈಗಲೂ ಅದೇ ಬಂತು.

"ಆತ್ರಿ."

ಕೆಂಪು ಬಾವುಟವನ್ನು ಪಡುವಲ ಗಳದಿಂದ ಬಿಚ್ಚಿ ಮೂಡಲ ಗಳಕ್ಕೆ ಕಟ್ಟಿದಳು. ಅಷ್ಟರಲ್ಲಿ ಬೆಳಕಿಂಡಿಯಿಂದ ಕಡಗೋಲು ಎಲ್ಲಿದೆ ಎಂಬ ಪ್ರಶ್ನೆ ಬಂತು. ಬಗ್ಗಿ ಉತ್ತರ ಹೇಳಿದಳು. ಹಿಂದೆ ಎರಡೂ ವಿಮಾನ ಒಂದರ ಬೆನ್ನಿಗೊಂದು ನೆಲಬಿಟ್ಟ ಸದ್ದಾಯಿತು. ತಿರುಗಿ ನೋಡಿದರೆ ಒಂದೇ ಗಳದ ಮೇಲೆ ಎರಡು ಬಾವುಟ, ಒಂದೇ ಒಲೆಯ ಮುಂದೆ ನಿಂತ ಇಬ್ಬರು ಸೊಸೆಯರ ಹಾಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು.

ಕ್ಯಾಪ್ಟನ್‌ನ ಎರಡು ಅಂಗೈ ಹೊನ್ನೂರಮ್ಮನ ಕಣ್ಣ ಮುಂದೆ ಬಂದವು. ಬಾವುಟ ಕಿತ್ತಳು, ಆದರೆ ಹಾರಿದ ಮೇಲೆ ಮಾಳಿಗೆ ನೋಡುವವರು ಯಾರು? ಆಕಾಶದ ಕಡೆ ಮುಖ ಮಾಡಿ ಜೋರಾಗಿ ಕೂಗಿದಳು.

"ಯಾರಿಗೆ ಒದರಾಕತ್ತೀ?" ಎಂದಳು ಅತ್ತೆ ಕೆಳಗಿನಿಂದ.

"ವಿಮಾನಕ್ರಿ."

"ಒದರಿದ್ರ ನಿಲ್ಲಾಕ ಅದೇನು ಬಸ್ಸೇನು?"

ಕುರುಗೋಡಿನ ಬೀಗರ ಬಸ್ಸು ಬಂದು ನಿಂತದ್ದು ಸರಿಯಾಗಿ ಆಗಲೇ. ಬೀಗ, ಬೀಗತಿ, ಅವರ ಇಬ್ಬರು ತಂಗಿಯರು ರೇಷ್ಮೆಯುಟ್ಟು, ಲಾಡಿನ ಬುಟ್ಟಿ ಹಿಡಿದು, ಕಾಲುವೆಯ ಏರಿಯ ಮೇಲೆ ಸಾಲಾಗಿ ಬರುತ್ತಿದ್ದರು. ತನ್ನ ಹೊಲದ ಬದುವಿನಲ್ಲಿ ನಿಂತಿದ್ದ ಉಜ್ಜಿನಪ್ಪ ಮರ್ಯಾದೆಗೆಂದು ಏರಿ ಹತ್ತಿ ಎದುರುಗೊಂಡ. ಅದೇ ಗಳಿಗೆಯಲ್ಲಿ ಅರಿಶಿಣಿ ತೆಂಕಲಿಂದ, ಕೆಂಪಿ ಬಡಗಲಿಂದ, ಹತ್ತಿಯ ತಲೆ ಸವರುವಷ್ಟು ಕೆಳಗೆ, ಒಂದಕ್ಕೊಂದು ಎದುರಾದವು.

ಅರಿಶಿಣಿ ಹಾವು ಕಂಡ ಎಮ್ಮೆಯ ಹಾಗೆ ಮೇಲಕ್ಕೆ ನೆಗೆಯಿತು. ಕೆಂಪಿ ಕಾಲುವೆಯ ಕಡೆ ವಾಲಿ, ಭಾರ ಇಳಿಸಿಕೊಳ್ಳಲು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಒಮ್ಮೆಲೇ ಸುರಿದುಬಿಟ್ಟಿತು. ನಡುವೆ ಮೂವತ್ತು ಅಡಿ ಇತ್ತು ಎಂದ ಕ್ಯಾಪ್ಟನ್. ಒಂದು ಮೊಳ ಎಂದ ಗವಿಸಿದ್ದಪ್ಪ. ಸುದ್ದಿ ಸಿರುಗುಪ್ಪ ಮುಟ್ಟುವ ಹೊತ್ತಿಗೆ ಎರಡೂ ರೆಕ್ಕೆ ತಾಗಿಸಿ ನಮಸ್ಕಾರ ಮಾಡಿಕೊಂಡಿದ್ದವು.

ಪುಣ್ಯಕ್ಕೆ ಅವತ್ತು ವಿಮಾನದಲ್ಲಿ ಇದ್ದದ್ದು ಹುಳದ ಔಷಧಿಯಲ್ಲ, ಬೆಳೆಗೆ ಹಾಕುವ ಯೂರಿಯಾ ಕಲಸಿದ ನೀರು. ಬೀಗರೂ ಉಜ್ಜಿನಪ್ಪನೂ ಲಾಡಿನ ಬುಟ್ಟಿಯೂ ಅದರಲ್ಲಿ ತೊಯ್ದು ತೊಪ್ಪೆಯಾದರು. ವಿರೂಪಾಕ್ಷಪ್ಪ ಪಂಚೆ ಎತ್ತಿಕೊಂಡು ಓಡಿಬಂದ.

"ಬರೇ ಯೂರಿಯಾ, ಹೆದರಬ್ಯಾಡ್ರಿ. ಯೂರಿಯಾದಿಂದ ಏನೂ ಆಗಂಗಿಲ್ಲ, ಬೆಳೀತಾರ ಅಷ್ಟ."

ಬೀಗತಿ ಮುಖ ಒರೆಸಿಕೊಂಡು ಕೊಟ್ಟೂರಪ್ಪನನ್ನು ನೋಡಿದಳು. "ನಮ್ಮ ಕುರುಗೋಡಿನಾಗ ಬೀಗರು ಬಂದ್ರ ಪನ್ನೀರು ಚುಮುಕಿಸ್ತಾರ್ರಿ, ಬೆಳ್ಳಿ ಪನ್ನೀರದಾನಿಲೆ. ನಿಮ್ಮದು ದೊಡ್ಡ ಮನಿ, ವಿಮಾನದಿಂದನ ಹಾಕಿಸಿದ್ರಿ."

ಇತ್ತ ಉಚ್ಚಂಗೆಮ್ಮ ತಡಮಾಡಲಿಲ್ಲ. ಸುದ್ದಿ ಕಿವಿಗೆ ಬಿದ್ದ ಕೂಡಲೇ ಏಣಿಯನ್ನು ದರದರ ಎಳೆದುಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಹಾಕಿ ಅದರ ಮೇಲೆ ಕೂತಳು. ಷರತ್ತೆಂದರೆ ಷರತ್ತು. ಆದರೆ ಅವಸರದಲ್ಲಿ ಅವಳೂ ಸರದಿ ತಪ್ಪಿಸಿದ್ದಳು. ಮೊದಲು ಸೊಸೆ ಇಳಿಯಬೇಕಿತ್ತು, ಆಮೇಲೆ ಏಣಿ. ಇದು ಅವಳಿಗೆ ಸ್ವಲ್ಪ ಹೊತ್ತಿಗೇ ಹೊಳೆಯಿತು. ಆದರೆ ಇಡೀ ಓಣಿ ನೋಡುತ್ತಿರುವಾಗ ಏಣಿಯನ್ನು ಮರಳಿ ತಂದು ಇಡುವುದು ಹೇಗೆ? ಕೂತೇ ಇದ್ದಳು.

ಹೀಗಾಗಿ ವಿಚಾರಣೆಗೆ ಬಂದವರೆಲ್ಲ ಅಂಗಳದಲ್ಲಿ ಕತ್ತು ಮೇಲೆತ್ತಿ ನಿಲ್ಲಬೇಕಾಯಿತು. ಕ್ಯಾಪ್ಟನ್ ಬಂದ, ವಿರೂಪಾಕ್ಷಪ್ಪ ಬಂದ, ಯೂರಿಯಾದ ವಾಸನೆಯ ಜೊತೆ ಉಜ್ಜಿನಪ್ಪ ಬಂದ, ಗವಿಸಿದ್ದಪ್ಪ, ಕೊಟ್ಟೂರಪ್ಪನ ಜೊತೆ ಉಳಿದ ರೈತರೂ ಬಂದರು. ಹೊನ್ನೂರಮ್ಮ ಮಾಳಿಗೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದಳು. ಊರಿನ ಗಂಡಸರನ್ನು ಅವಳು ಯಾವತ್ತೂ ಮೇಲಿನಿಂದ ನೋಡಿರಲಿಲ್ಲ. ಬರಿಯ ರುಮಾಲುಗಳು, ಅವುಗಳ ಕೆಳಗೆ ಸಣ್ಣ ಸಣ್ಣ ಮನುಷ್ಯರು.

"ಸರದಿ ಬದಲು ಮಾಡೂದು ನಮ್ಮಲ್ಲಿ ಮುತ್ತ್ಯಾನ ಕಾಲದಿಂದ ಐತ್ರಿ," ಎಂದ ಗವಿಸಿದ್ದಪ್ಪ.

"ನೀರಿಗೆ ನೀರು ಯಾವತ್ತೂ ಡಿಕ್ಕಿ ಹೊಡೆದಿಲ್ರಿ," ಎಂದ ಕೊಟ್ಟೂರಪ್ಪ.

ಉಜ್ಜಿನಪ್ಪ ಹಸಿ ಧೋತರ ಹಿಂಡಿದ. "ಹೆಣ್ಮಗಳ ಕೈಯಾಗ ಬಾವುಟ ಕೊಟ್ರ ಇನ್ನೇನ್ ಆಕ್ಕೈತ್ರಿ. ನಮ್ಮ ಭಾವಮೈದ ಮೂಕಪ್ಪ ಅದಾನ, ಖಾಲಿನ ಅದಾನ. ಅವನ್ನ ಹತ್ತಿಸ್ರಿ."

ಹೊನ್ನೂರಮ್ಮನ ಕಣ್ಣಿಗೆ ಮೂಕಪ್ಪ ಕಂಡ. ತನ್ನ ಮಾಳಿಗೆಯ ಮೇಲೆ, ತಾನು ಕೂತ ಜಾಗದಲ್ಲಿ, ಕಾಲು ಚಾಚಿ ಬೀಡಿ ಸೇದುತ್ತಿರುವ ಹಾಗೆ. ಹಳದಿ ಬಾವುಟ ಬಿಚ್ಚಿಟ್ಟಿದ್ದೆ, ಗಾಳಿಗೆ ಹಾರಿ ಮತ್ತೆ ಆ ಗಳಕ್ಕೇ ಸುತ್ತಿಕೊಂಡಿತು ಎಂದು ಹೇಳಿಬಿಡಬಹುದಿತ್ತು. ಗಾಳಿಯನ್ನು ಕರೆಸಿ ಕೇಳುವವರು ಯಾರು? ಗವಿಸಿದ್ದಪ್ಪ ಏನಾದರೊಂದು ನೆಪ ಹೇಳೆಂದು ಕಣ್ಣಲ್ಲೇ ಸನ್ನೆ ಮಾಡುತ್ತಲೂ ಇದ್ದ. ಆದರೆ ಎದುರುಬದುರು ಬಂದ ಅರಿಶಿಣಿ, ಕೆಂಪಿ ಇನ್ನೂ ಅವಳ ಕಣ್ಣಲ್ಲೇ ಇದ್ದವು.

"ಬಾವುಟ ಕಟ್ಟಿದ್ದು ನಾನು. ತಪ್ಪು ನಂದ ಐತ್ರಿ," ಎಂದಳು.

ಆ ಊರಿನಲ್ಲಿ ಯಾವ ಪಂಚಾಯಿತಿಯೂ ಇಷ್ಟು ಬೇಗ ಮುಗಿದಿರಲಿಲ್ಲ. ಮಧ್ಯಾಹ್ನದವರೆಗೆ ವಾದ ಮಾಡಲು ಎಲೆ ಅಡಿಕೆ ಸಮೇತ ಬಂದಿದ್ದವರಿಗೆ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ.

ಯಾಕೆ ಕಟ್ಟಿದೆ ಎಂದು ಕ್ಯಾಪ್ಟನ್ ವಿರೂಪಾಕ್ಷಪ್ಪನಿಂದ ಕೇಳಿಸಿದ.

"ಇಲ್ಲ ಅನ್ನಾಕ ಬರಲಿಲ್ರಿ."

ವಿರೂಪಾಕ್ಷಪ್ಪ ಅದನ್ನು ಹಿಂದಿಯಲ್ಲಿ ಹೇಳಿದ. ಕ್ಯಾಪ್ಟನ್ ಮೀಸೆ ತಿರುವುವುದನ್ನು ನಿಲ್ಲಿಸಿ ಏನೋ ಹೇಳಿದ. "ಸಾಹೇಬ್ರು ಅಂತಾರ," ಎಂದ ವಿರೂಪಾಕ್ಷಪ್ಪ, "ಅವರ ಕಸುಬಿನಾಗೂ ಇಲ್ಲ ಅನ್ನಾಕ ಬರಲಾರದ ಭಾಳ ಮಂದಿ ಸತ್ತಾರಂತ. ತಪ್ಪು ಒಪ್ಕಂಡಾಕಿನ್ನ ಇಳಿಸಿದ್ರ, ಮುಂದ ಹತ್ತಿದಾವ ತಪ್ಪು ಮುಚ್ಚಿಡ್ತಾನಂತ. ಹಂಗಾಗಿ ನೀನ ಇರಬೇಕಂತ. ಆದ್ರ ನಾಳೆ ಇವರು ಮತ್ತ ಬಂದು ಕೇಳಿದ್ರ ಏನ್ ಮಾಡ್ತಿ ಅಂತ ಕೇಳ್ತಾರ."

ಅದು ಅವಳಿಗೂ ಗೊತ್ತಿರಲಿಲ್ಲ. ಹದಿನೆಂಟು ವರ್ಷದ ಬಾಯಿ ಒಂದು ರಾತ್ರಿಯಲ್ಲಿ ಬದಲಾಗುವುದಿಲ್ಲ. ಕೆಳಗೆ ನೋಡಿದಳು. ಏಳು ರುಮಾಲು ಕಂಡವು. ರುಮಾಲಿಲ್ಲದೆ ಇವರಲ್ಲಿ ಒಬ್ಬನೂ ತನ್ನ ಹೊಲದ ಬದು ದಾಟುವವನಲ್ಲ, ಇನ್ನೊಬ್ಬನ ಹತ್ತಿರ ಹೋಗಿ ಸರದಿಯ ಮಾತಾಡುವುದಂತೂ ದೂರವೇ ಉಳಿಯಿತು.

"ಯಾರ ಸರದಿ ಐತಿ, ಆತ ರುಮಾಲು ಬಿಚ್ಚಿ ಮ್ಯಾಲ ಕಳಿಸ್ಬೇಕ್ರಿ," ಎಂದಳು. "ಒಂದು ಗಳಕ್ಕ ಒಂದ ರುಮಾಲು, ಅದರ ಮ್ಯಾಲ ಒಂದ ಬಾವುಟ. ಆತನ ಹೊಲ ಮುಗಿದು ವಿಮಾನ ನೆಲ ಮುಟ್ಟೂತನಾ ನಾನು ರುಮಾಲು ಕೊಡಂಗಿಲ್ಲ. ಆ ಗಳದಾಗ ಒಂದು ಇರೂತನಾ ಇನ್ನೊಂದು ಕಟ್ಟಂಗೂ ಇಲ್ಲ."

ಗಂಡಸರ ಕೈಗಳೆಲ್ಲ ತಂತಾವೇ ತಲೆಯ ಮೇಲೆ ಹೋದವು. ವಿರೂಪಾಕ್ಷಪ್ಪ ಹೇಳಿ ಮುಗಿಸುವ ಮೊದಲೇ ಕ್ಯಾಪ್ಟನ್ ನಗತೊಡಗಿದ್ದ.

"ನಂದು ಆಗಂಗಿಲ್ಲ," ಎಂದ ಉಜ್ಜಿನಪ್ಪ. ಅವನ ತಲೆ ನುಣ್ಣಗಿತ್ತು. ಇದು ಊರಿಗೆಲ್ಲ ಗೊತ್ತಿತ್ತು, ಅವನಿಗೆ ಮಾತ್ರ ಊರಿಗೆ ಗೊತ್ತಿರುವುದು ಗೊತ್ತಿರಲಿಲ್ಲ.

"ಚಿಂತಿ ಬಿಡು ಮಾವ," ಎಂದ ಗವಿಸಿದ್ದಪ್ಪ. "ಯೂರಿಯಾ ಬಿದ್ದೈತಿ. ನಾಡಿದ್ದಕ ಮೊಳಕಿ ಬರತಾವ."

ಎಲ್ಲರೂ ಹೋದ ಮೇಲೆ ಉಚ್ಚಂಗೆಮ್ಮ ಏಣಿ ತಂದು ಗೋಡೆಗೆ ಚಾಚಿದಳು. ಎಮ್ಮೆ ಅವಳಿಗೆ ಹಾಲು ಹಿಂಡಗೊಡುತ್ತಿರಲಿಲ್ಲ, ಕಡಗೋಲು ಇನ್ನೂ ಸಿಕ್ಕಿರಲಿಲ್ಲ.

"ಇಳಿ," ಎಂದಳು. "ಕ್ಯಾಪ್ಟನ್ ಅವನ ವಿಮಾನಕ್ಕ ದೊಡ್ಡಾವ. ಈ ಮನಿಗೆ ನಾನು. ಷರತ್ತು ಷರತ್ತ. ನಾಳೆ ಹತ್ತಂಗಿಲ್ಲ."

ಹೊನ್ನೂರಮ್ಮ ಇಳಿದಳು. ಕಡೆಯ ಮೆಟ್ಟಿಲ ಮೇಲೆ ನಿಂತಳು, ಅಲ್ಲಿಂದ ಅವಳು ಅತ್ತೆಗಿಂತ ಒಂದು ಗೇಣು ಎತ್ತರವಿದ್ದಳು. ಬಾಯಿಗೆ ಬಂದದ್ದು ಆತ್ರಿ ಎಂಬುದೇ. ಅದನ್ನು ನುಂಗಿದಳು. ಅದು ಹಾಗಲಕಾಯಿಗಿಂತ ಕಹಿಯಾಗಿತ್ತು.

"ಇಲ್ರಿ, ಅತ್ತಿ."

"ಏನು ಇಲ್ಲ?"

"ನಾಳೆ ಹತ್ತಾಕಿ. ಇನ್ನಾ ಐದು ದಿನ ಐತಿ, ಐದೂ ದಿನ ಹತ್ತಾಕಿ. ಈಗ ಎಮ್ಮಿ ಹಿಂಡತೀನಿ, ಸರೀರಿ."

ಉಚ್ಚಂಗೆಮ್ಮ ಸರಿದಳು. ಬೈಯಲು ಬಾಯಿ ತೆರೆದಳು, ಆದರೆ ಇಂಥದಕ್ಕೆ ಬೈಗುಳ ಅವಳಲ್ಲಿ ಸಿದ್ಧವಿರಲಿಲ್ಲ, ಅಲ್ಲಿಯವರೆಗೆ ಅದು ಬೇಕಾಗಿಯೇ ಇರಲಿಲ್ಲ.

ಮರುದಿನದಿಂದ ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ರುಮಾಲುಗಳು ಮೇಲೆ ಬಂದವು. ಬರಿದಲೆಯ ರೈತರು ತಮ್ಮ ತಮ್ಮ ಬದುವಿನಲ್ಲಿ ಕಟ್ಟಿಹಾಕಿದ ಹಾಗೆ ನಿಂತಿದ್ದರು. ವಿಮಾನ ನೆಲ ಮುಟ್ಟಿದ ಕೂಡಲೇ ಮಾಳಿಗೆಯತ್ತ ಓಡಿಬರುತ್ತಿದ್ದರು. ಉಜ್ಜಿನಪ್ಪ ಹೆಂಡತಿಯ ಹಳೆಯ ಸೆರಗಿನ ತುಂಡು ಸುತ್ತಿಕೊಂಡು ಬಂದ, ಆಗಾಗ ಅದರೊಳಗೆ ಬೆರಳು ತೂರಿಸಿ ಮೊಳಕೆ ಹುಡುಕುತ್ತಿದ್ದ. ಗವಿಸಿದ್ದಪ್ಪನಿಗೆ ಮಾತ್ರ ಬುದ್ಧಿ ಬರಲಿಲ್ಲ. ಏಳನೆಯ ದಿನ ತಲೆಯ ಮೇಲೆ ಟವೆಲು ಹಾಕಿಕೊಂಡು ಬಂದ.

"ತಂಗೀ, ಒಂದ ಒಂದು ಸಲ. ಅರ್ಧ ತಾಸು ಅದಲುಬದಲು."

"ಇಲ್ರಿ, ಅಣ್ಣಾರ."

"ಇಬ್ಬರೂ ಒಪ್ಪೀವಿ."

"ನಾನು ಒಪ್ಪಿಲ್ರಿ."

ಈ ಸಲ ಅದು ಅಷ್ಟು ಕಹಿಯಾಗಿರಲಿಲ್ಲ. ಎರಡು ಗಳ, ಎರಡು ರುಮಾಲು, ನಡುವೆ ಕಾಲುವೆ. ಆಮೇಲೆ ಅರಿಶಿಣಿ, ಕೆಂಪಿ ಒಮ್ಮೆಯೂ ಮುಖ ನೋಡಿಕೊಳ್ಳಲಿಲ್ಲ.

ಹತ್ತನೆಯ ದಿನ ಬೆಳಗ್ಗೆ ಏಣಿ ಕಿರುಗುಟ್ಟಿತು. ಉಚ್ಚಂಗೆಮ್ಮನ ತಲೆ ಅಂಚಿನಲ್ಲಿ ಕಾಣಿಸಿತು. ಈ ಮಾಳಿಗೆ ಹತ್ತಿ ಅವಳಿಗೆ ಮೂವತ್ತು ವರ್ಷವಾಗಿರಬೇಕು. ಏದುಸಿರು ಬಿಡುತ್ತ ಸುತ್ತ ನೋಡಿದಳು. ಸಿರುಗುಪ್ಪದ ರಸ್ತೆ ನೋಡಿದಳು, ಬೆಲ್ಲ ತಿನ್ನುತ್ತಿದ್ದ ಪಾರಮ್ಮನನ್ನು ಬಹಳ ಹೊತ್ತು ನೋಡಿದಳು.

"ದಿನಾ ತಿಂತಾಳೇನು?"

"ದಿನಾ ತಿಂತಾಳ್ರಿ."

ಮುದುಕಿ ಸೊಸೆಯ ಪಕ್ಕಕ್ಕೆ ಸರಿದಳು. "ಇವತ್ತಿಗೆ ಕಡೀದು ಅಲ್ಲೇನು? ನಂದೂ ಒಂದು ಸರದಿ ಇರಲಿ. ಬರೇ ಕುಂದರತೀನಿ. ಬಾವುಟ ಮುಟ್ಟಂಗಿಲ್ಲ."

"ಪುಗಸಟ್ಟೆ ಇಲ್ರಿ, ಅತ್ತಿ. ಏನಾರ ಇಡಬೇಕು."

"ನನಗೆಲ್ಲೈತಿ ರುಮಾಲು?"

ಹೊನ್ನೂರಮ್ಮ ಅತ್ತೆಯ ಸೊಂಟದ ಕಡೆ ನೋಡಿದಳು. ಅಲ್ಲಿ ಎಲೆ ಅಡಿಕೆಯ ಸಂಚಿ ಇತ್ತು. ಸ್ನಾನಕ್ಕೆ ಹೋಗುವಾಗಲೂ ಅವಳು ಅದನ್ನು ಯಾರ ಕೈಗೂ ಕೊಟ್ಟವಳಲ್ಲ. ಉಚ್ಚಂಗೆಮ್ಮ ಒಂದು ಎಲೆ, ಎರಡು ಚೂರು ಅಡಿಕೆ ತೆಗೆದುಕೊಂಡು, ದಾರ ಬಿಗಿದು, ಸಂಚಿಯನ್ನು ಸೊಸೆಯ ಕೈಗಿಟ್ಟಳು. ಆಮೇಲೆ ಕಾಲು ಚಾಚಿ ಕೂತಳು, ಕೈಯಲ್ಲಿ ಏನೂ ಇಲ್ಲದೆ.

ಅರಿಶಿಣಿ ಎದ್ದಿತು, ಕೆಂಪಿ ಎದ್ದಿತು. ಒಂದು ಮೂಡಲಿಗೆ, ಒಂದು ಪಡುವಲಿಗೆ. ಬೆಳಕಿಂಡಿಯಿಂದ ಹೊಗೆ ಬರುವುದು ನಿಂತು ಬಹಳ ಹೊತ್ತಾಗಿತ್ತು. ಆಗ ಕೆಳಗಿನಿಂದ, ನಿದ್ದೆಯಿಂದೆದ್ದ ಮೈಲಾರಲಿಂಗಪ್ಪನ ದನಿ ಬಂತು.

"ಯವ್ವಾ, ರೊಟ್ಟಿ ಎಲ್ಲದಾವ? ಏ ಇವಳ, ಯಾರೂ ಇಲ್ಲೇನು ಮನಿಯಾಗ?"

ಹೊನ್ನೂರಮ್ಮ ಏಳಲು ಹೋದಳು. ಅತ್ತೆ ಅವಳ ಸೆರಗು ಹಿಡಿದು ಕೂರಿಸಿ, ಬೆಳಕಿಂಡಿಯ ಮೇಲೆ ಬಗ್ಗಿದಳು.

"ಇದ್ದಲ್ಲೇ ಅದಾವ, ನೋಡ್ಕ," ಎಂದಳು. "ನಾವು ಡ್ಯೂಟಿ ಮ್ಯಾಲ ಅದೀವಿ."